ಕಾರ್ಯದರ್ಶಿಗಳು ಕ್ಷಮೆ ಕೇಳಿದ್ದು

ಸೋಲು ಕಾರ್ಯದರ್ಶಿಗಳಿಗೆ ಹೊಸದೇನಲ್ಲ. ಒಂದರ ಹಿಂದೊಂದು ಮೂರು ಚುನಾವಣೆ ಸೋತು ಅವರಿಗೆ ಅದರಲ್ಲಿ ಕೈ ಪಳಗಿತ್ತು. ಎಣಿಕೆಯ ದಿನ ಹನ್ನೆರಡು ಗಂಟೆಗೆಲ್ಲ ಮನೆಗೆ ಬಂದು, ಚಪ್ಪಲಿ ಬಿಟ್ಟು, "ಬಡಿಸು" ಎಂದರೆ ಹೆಂಡತಿಗೆ ಫಲಿತಾಂಶ ತಿಳಿದುಹೋಗುತ್ತಿತ್ತು. ಆದರೆ ಈ ಸಲದ ಸೋಲು ಸ್ವಲ್ಪ ಅತಿಯಾಯಿತು. ಅವರ ವಾರ್ಡಿನಲ್ಲಿ ಪಕ್ಷದ ಸದಸ್ಯರ ಪುಸ್ತಕದಲ್ಲಿದ್ದ ಹೆಸರು ಅರವತ್ತಮೂರು. ಬಿದ್ದ ಮತ ನಲವತ್ತೊಂದು. ಹಾಗಾದರೆ ಕೈಕೊಟ್ಟ ಆ ಇಪ್ಪತ್ತೆರಡು ಮಂದಿ ಯಾರು ಎಂದು ವಿಚಾರಿಸಲು ಕಾರ್ಯದರ್ಶಿಗಳು ಸಭೆ ಕರೆದರು. ಅರವತ್ತಮೂರೂ ಜನ ಬಂದು, ಆ ಇಪ್ಪತ್ತೆರಡು ದ್ರೋಹಿಗಳನ್ನು ಒಕ್ಕೊರಲಿನಿಂದ ಖಂಡಿಸಿ, ಚಹಾ ಕುಡಿದು ಹೋದರು.

ಕಾರ್ಯದರ್ಶಿಗಳು ಅಕ್ಕಿ ಗಿರಣಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ವಾರ್ಡಿನ ಕಾರ್ಯದರ್ಶಿ ಪದವಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದರು. ಬೇರೆ ಯಾರಿಗೂ ಆ ಪದವಿ ಬೇಕಾಗಿರಲಿಲ್ಲ ಎಂಬುದು ನಿಜವಾದ ಕಾರಣ. ತಮ್ಮನ್ನು ಬಿಟ್ಟರೆ ವಾರ್ಡು ನಡೆಯುವುದಿಲ್ಲ ಎಂಬುದು ಅವರಿಗೆ ಗೊತ್ತಿದ್ದ ಕಾರಣ. ಆ ಧೈರ್ಯದಿಂದಲೇ ಜಿಲ್ಲಾ ಸಭೆಯಲ್ಲಿ ಎದ್ದು ನಿಂತು, "ನಮ್ಮ ವಾರ್ಡಲ್ಲಿ ನಾನು ಬಾಗಿಲು ತಟ್ಟಿದ್ರೆ ತೆಗೀದಿರೋ ಮನೆ ಒಂದೂ ಇಲ್ಲ" ಎಂದುಬಿಟ್ಟರು. ವಾಸ್ತವದಲ್ಲಿ ಕಳೆದ ಚುನಾವಣೆಯಲ್ಲಿ ಅವರಿಗೆ ಬಾಗಿಲು ತೆಗೆದಿದ್ದು ಎರಡು ಮನೆಯವರು. ಅದರಲ್ಲಿ ಒಂದು ಅವರದೇ ಮನೆ.

ಜಿಲ್ಲಾಧ್ಯಕ್ಷರು ಆ ಮಾತನ್ನು ಬರೆದುಕೊಂಡರು. ಅಷ್ಟರಲ್ಲಿ ವಾರ್ಡಿನಲ್ಲಿ ಗೆದ್ದಿದ್ದ ಎದುರು ಪಕ್ಷದ ನಗರಸಭಾ ಸದಸ್ಯರು ಬೇರೆ ಕಡೆ ದೊಡ್ಡ ಹುದ್ದೆ ಸಿಕ್ಕಿತೆಂದು ರಾಜೀನಾಮೆ ಕೊಟ್ಟರು. ಉಪಚುನಾವಣೆ ಘೋಷಣೆಯಾಯಿತು. "ಹೊಸ ವಿಧಾನದ ಪ್ರಯೋಗ ನಿಮ್ಮ ವಾರ್ಡಿಂದಲೇ ಶುರು" ಎಂದು ಅಧ್ಯಕ್ಷರು ಫೋನು ಮಾಡಿ ಹೇಳಿದರು.

ಹೊಸ ವಿಧಾನವನ್ನು ಹೇಳಿಕೊಡಲು ಮುಖ್ಯ ಕಚೇರಿಯಿಂದ ಒಬ್ಬ ಮೇಡಂ ಬಂದರು. ಪಕ್ಷದ ಕಚೇರಿ ಎಂದರೆ ಔಷಧಿ ಅಂಗಡಿಯ ಹಿಂದಿನ ಒಂದು ಕೋಣೆ. ಗಾರೆ ಉದುರಿದ ಗೋಡೆಯ ಮೇಲೆ ಮೇಡಂ ಪ್ರೊಜೆಕ್ಟರಿನಿಂದ ಚಿತ್ರಗಳನ್ನು ಬಿಟ್ಟು ತೋರಿಸಿದರು.

"ಜನಕ್ಕೆ ನಮ್ಮ ಮೇಲೆ ಸಿಟ್ಟಿದೆ. ಹೌದೋ ಅಲ್ವೋ?"

"ಸಿಟ್ಟಿದ್ರೆ ಬಾಗಿಲು ತೆಗೆದು ಬೈತಿದ್ರಲ್ಲ ಮೇಡಂ," ಎಂದರು ಹಿಂದೆ ಕುಳಿತಿದ್ದ ಒಬ್ಬ ಹಿರಿಯರು.

ಮೇಡಂ ಮುಂದಿನ ಚಿತ್ರ ಬಿಟ್ಟರು. ಜನರ ಹತ್ತಿರ ಇನ್ನು ಆಶ್ವಾಸನೆ ಕೊಂಡೊಯ್ಯುವುದು ಬೇಡ, ಕ್ಷಮೆ ಕೇಳೋಣ ಎಂದರು. ಹೋದ ಕೂಡಲೇ ಪಕ್ಷದ ಹೆಸರೆತ್ತಬಾರದು. "ನಮ್ಮಿಂದ" ಎನ್ನಬಾರದು, "ನನ್ನಿಂದ" ಎನ್ನಬೇಕು, ಯಾಕೆಂದರೆ "ನಾವು" ಎಂದರೆ ಯಾರೂ ಅಲ್ಲ ಎಂದು ಜನಕ್ಕೆ ಗೊತ್ತಾಗಿದೆ. 'ನನ್ನಿಂದ ತಪ್ಪಾಗಿದೆ, ಕ್ಷಮಿಸಿಬಿಡಿ' ಎಂದು ತಲೆ ತಗ್ಗಿಸಿ, ಮನಸ್ಸಿನಲ್ಲೇ ಒಂದರಿಂದ ಹತ್ತರವರೆಗೆ ಎಣಿಸಬೇಕು. ಆ ಮೌನದಲ್ಲಿ ಮತದಾರ ಕರಗುತ್ತಾನೆ. ಹತ್ತು ಮುಗಿದ ಮೇಲೆ ಕರಪತ್ರ.

"ಯಾವ ತಪ್ಪು ಅಂತ ಹೇಳ್ಬೇಕು ಮೇಡಂ?" ಕಾರ್ಯದರ್ಶಿಗಳು ಕೇಳಿದರು.

"ಯಾವುದನ್ನೂ ಹೇಳ್ಬಾರದು. ಒಂದು ಹೇಳಿದ್ರೆ ಉಳಿದದ್ದೆಲ್ಲ ನೆನಪಾಗುತ್ತೆ."

ಆಮೇಲೆ ಪಕ್ಷ ಬಿಟ್ಟುಹೋದ ಹತ್ತು ಮತದಾರರ ಪಟ್ಟಿಯೊಂದನ್ನು ಅವರ ಕೈಗಿಟ್ಟರು. ಕಾರ್ಯದರ್ಶಿಗಳು ಮೇಲಿನಿಂದ ಓದುತ್ತ ಬಂದರು. ಹತ್ತನೆಯ ಹೆಸರು ಗಡಿಯಾರ ರಿಪೇರಿಯವನದು. ಅದನ್ನು ಓದಿ, ಪಟ್ಟಿಯನ್ನು ಮಡಚಿ, ಜೇಬಿಗೆ ಹಾಕಿಕೊಂಡು, "ಒಂಬತ್ತು ಜನರನ್ನ ಇವತ್ತೇ ಮುಗಿಸ್ತೀನಿ" ಎಂದರು. ಹತ್ತನೆಯದನ್ನು ಮೇಡಂ ಕೇಳಲಿಲ್ಲ, ಇವರು ಹೇಳಲಿಲ್ಲ.

ಮೊದಲ ಮನೆ ಪಕ್ಕದ ಓವರ್‌ಸಿಯರರದು. ಅವರು ಬಾಗಿಲನ್ನು ಸರಪಳಿ ಬಿಡುವಷ್ಟೇ ತೆಗೆದು ಇಣುಕಿದರು.

"ನನ್ನಿಂದ ತಪ್ಪಾಗಿದೆ. ಕ್ಷಮಿಸಿಬಿಡಿ," ಎಂದು ಕಾರ್ಯದರ್ಶಿಗಳು ತಲೆ ತಗ್ಗಿಸಿ ಎಣಿಸತೊಡಗಿದರು. ಒಂದು, ಎರಡು, ಮೂರು.

ಓವರ್‌ಸಿಯರರು ಸರಪಳಿ ತೆಗೆದು ಹೊರಗೆ ಬಂದರು. "ಹಾಗಾದ್ರೆ ನನ್ನ ಗುಲಾಬಿ ಗಿಡಕ್ಕೆ ಬಿಸಿನೀರು ಹುಯ್ದಿದ್ದು ನೀವೇನಾ?"

ನಾಲ್ಕು, ಐದು.

"ನನಗೆ ಅನುಮಾನ ಇತ್ತು ಸ್ವಾಮಿ! ನನ್ನ ಹೆಂಡತಿಗೂ ಹೇಳಿದ್ದೆ. ಇಲ್ಲ ಅನ್ನಿ ನೋಡೋಣ?"

ಎಣಿಕೆಯ ನಡುವೆ ಬಾಯಿ ಬಿಡಬಾರದೆಂದು ಮೇಡಂ ಕಟ್ಟುನಿಟ್ಟಾಗಿ ಹೇಳಿದ್ದರು. ಕಾರ್ಯದರ್ಶಿಗಳು ಎಂಟಕ್ಕೆ ಬರುವಷ್ಟರಲ್ಲಿ ಓವರ್‌ಸಿಯರರು ಅವರ ಕೈ ಹಿಡಿದುಕೊಂಡರು. "ಹೋಗ್ಲಿ ಬಿಡಿ. ಒಪ್ಪಿಕೊಳ್ಳೋದಕ್ಕೂ ಗಂಡಸುತನ ಬೇಕು," ಎಂದು ಕೈ ಕುಲುಕಿ ಒಳಗೆ ಹೋದರು. ಕರಪತ್ರ ಕಾರ್ಯದರ್ಶಿಗಳ ಕೈಯಲ್ಲೇ ಉಳಿಯಿತು.

ಬೀದಿಯ ಕೊನೆಯಲ್ಲಿ ಟೈಲರು ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದ. ಕ್ಷಮೆ ಕೇಳಿಸಿಕೊಂಡು ಪೆಡಲಿನ ಮೇಲಿನ ಕಾಲು ನಿಲ್ಲಿಸಿದ. "ನನ್ನ ದೊಡ್ಡ ಕತ್ತರಿ ತಗೊಂಡು ಹೋಗಿದ್ದು ನೀವಾ? ಅಯ್ಯೋ! ನನ್ನ ತಮ್ಮ ಕದ್ದ ಅಂತ ಅವನ ಹತ್ರ ಎರಡು ವರ್ಷದಿಂದ ಮಾತು ಬಿಟ್ಟಿದ್ದೀನಲ್ಲ!" ಎಂದವನೇ ಅಂಗಡಿಯನ್ನು ಕಾರ್ಯದರ್ಶಿಗಳ ವಶಕ್ಕೆ ಬಿಟ್ಟು ತಮ್ಮನ ಮನೆಗೆ ಓಡಿದ. ಕತ್ತರಿ ಕದ್ದವನನ್ನೇ ಅಂಗಡಿ ಕಾಯಲು ಬಿಟ್ಟಿದ್ದೇನೆ ಎಂಬುದು ಅವನಿಗೆ ಆ ಸಂಭ್ರಮದಲ್ಲಿ ಹೊಳೆಯಲಿಲ್ಲ. ಅವನು ಬರುವವರೆಗೆ ಕಾರ್ಯದರ್ಶಿಗಳು ಇಬ್ಬರು ಗಿರಾಕಿಗಳ ಅಳತೆ ತೆಗೆದುಕೊಂಡು, ಅವರ ಹತ್ತಿರವೂ ಕ್ಷಮೆ ಕೇಳಿದರು.

ಸಂಜೆಯ ಹೊತ್ತಿಗೆ ಎಂಟು ಮನೆ ಮುಗಿದವು. ಯಾರೂ ಬಾಗಿಲು ಹಾಕಲಿಲ್ಲ. ಕಾರ್ಯದರ್ಶಿಗಳ ಎದೆ ಉಬ್ಬಿತು. ಆ ಉತ್ಸಾಹದಲ್ಲೇ ಒಂಬತ್ತನೆಯ ಮನೆಗೆ ಹೋದರು. ಅದು ಹೆಂಡತಿಯ ತಮ್ಮನ ಮನೆ. ಕಾರ್ಯದರ್ಶಿಗಳ ಮಗಳ ಮದುವೆಯಲ್ಲಿ ಈತ ಕುರ್ಚಿ ಜೋಡಿಸಲು ಹೋಗಿದ್ದಾಗ ಮನೆಯವರೆಲ್ಲ ನಿಂತು ಫೋಟೋ ತೆಗೆಸಿಕೊಂಡಿದ್ದರು. ಅಂದಿನಿಂದ ಒಂಬತ್ತು ವರ್ಷ ಆತ ಭಾವನ ಮುಖ ನೋಡಿರಲಿಲ್ಲ.

"ನನ್ನಿಂದ ತಪ್ಪಾಗಿದೆ. ಕ್ಷಮಿಸಿಬಿಡು."

ಭಾವಮೈದುನ ಬಾಗಿಲಿನ ಚೌಕಟ್ಟು ಹಿಡಿದುಕೊಂಡ. ಕಣ್ಣಲ್ಲಿ ನೀರು ಬಂತು. ಆಮೇಲೆ ಆ ನೀರಿನ ಹಿಂದೆ ಒಂದು ಸಂಶಯ ಬಂತು. "ಭಾವ, ನೀವು ಜನ್ಮದಲ್ಲಿ ಯಾರ ಹತ್ರಾನೂ ತಪ್ಪಾಯ್ತು ಅಂದವರಲ್ಲ. ಏನಾಗಿದೆ ನಿಮಗೆ? ಡಾಕ್ಟ್ರ ಹತ್ರ ಹೋಗಿದ್ರಾ?"

ಆರು, ಏಳು.

"ಹೇಳಿ ಭಾವ. ನನ್ನ ಹತ್ರ ಮುಚ್ಚಿಡಬೇಡಿ. ಎಷ್ಟು ದಿನ ಅಂದ್ರು?"

ದಿನವಿಡೀ ಎಣಿಸಿ ಎಣಿಸಿ ಕಾರ್ಯದರ್ಶಿಗಳ ನಾಲಿಗೆ ಹಿಡಿತ ತಪ್ಪಿತ್ತು. ಕೊನೆಯ ಅಂಕಿ ಬಾಯಿಂದ ಹೊರಗೇ ಬಂದುಬಿಟ್ಟಿತು.

"ಹತ್ತು."

"ಹತ್ತೇ ದಿನಾನಾ!" ಎಂದು ಭಾವಮೈದುನ ಬೀದಿಗೆಲ್ಲ ಕೇಳುವಂತೆ ಕೂಗಿ, ಅವರನ್ನು ತಬ್ಬಿಕೊಂಡು ಅತ್ತ. ಇವರು ಬಿಡಿಸಿಕೊಂಡು ವಿವರಿಸಲು ಹೋದಷ್ಟೂ, "ಮಾತಾಡಬೇಡಿ ಭಾವ, ಆಯಾಸ ಆಗುತ್ತೆ" ಎಂದ.

ಮರುದಿನ ಬೆಳಿಗ್ಗೆ ಕಾರ್ಯದರ್ಶಿಗಳು ಹಲ್ಲುಜ್ಜುವ ಮೊದಲೇ ಮನೆಯಲ್ಲಿ ಹನ್ನೊಂದು ಜನ ಕುಳಿತಿದ್ದರು. ಮನೆಯ ಐದು ಕುರ್ಚಿಗೆ ಓವರ್‌ಸಿಯರರು ತಮ್ಮ ಮನೆಯ ಬೆಂಚನ್ನೂ ತಂದು ಸೇರಿಸಿದ್ದರು. ಟೈಲರು ತಮ್ಮನನ್ನು ಕರೆತಂದಿದ್ದ. ಎಲ್ಲರೂ ಕಿತ್ತಳೆ ತಂದಿದ್ದರು. ಅಡುಗೆಮನೆಯಲ್ಲಿ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

"ರೀ, ನಿನ್ನೆ ಊಟಕ್ಕೆ ಮೂರು ಸಲ ಬಡಿಸ್ಕೊಂಡ್ರಿ. ನಿಮಗೆ ಏನು ಕಾಯಿಲೆ ಅಂತ ನನಗಾದ್ರೂ ಹೇಳ್ರಿ."

"ನನಗೇನೂ ಇಲ್ವೇ. ಈಗಲೇ ಹೋಗಿ ಹೇಳಿಬಿಡ್ತೀನಿ."

ಅವರು ಹೋಗಿ ಹೇಳಿದರು ಎಂಬುದನ್ನು ನಾವು ಮರೆಯಬಾರದು. "ನನಗೇನೂ ಆಗಿಲ್ಲ, ಗಟ್ಟಿಯಾಗಿದ್ದೀನಿ," ಎಂದು ನಡುಮನೆಯಲ್ಲಿ ನಿಂತು ಗಟ್ಟಿಯಾಗಿಯೇ ಹೇಳಿದರು. ಓವರ್‌ಸಿಯರರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, "ನೋಡ್ರಪ್ಪ, ಧೈರ್ಯ ಅಂದ್ರೆ ಇದು" ಎಂದರು. ಟೈಲರನ ತಮ್ಮ ಬಿಕ್ಕಿದ. ಇನ್ನೊಮ್ಮೆ ಹೇಳೋಣ ಎಂದು ಬಾಯಿ ತೆರೆಯುವಷ್ಟರಲ್ಲಿ ಓವರ್‌ಸಿಯರರು ಮುಂದೆ ಬಾಗಿ ಮೆಲ್ಲನೆ ಕೇಳಿದರು: "ನಿಮ್ಮ ಮನಸ್ಸಲ್ಲಿ ಏನಾದ್ರೂ ಆಸೆ ಇದ್ರೆ ಹೇಳಿಬಿಡಿ. ಈ ಬೀದಿ ನಡೆಸಿಕೊಡುತ್ತೆ."

ನಡುಮನೆಯಲ್ಲಿ ಕುಳಿತವರೆಲ್ಲ ಅವರತ್ತ ಬಾಗಿದರು. ಇಪ್ಪತ್ತೆರಡು ವರ್ಷದಿಂದ ಅವರ ಮಾತಿಗಾಗಿ ಯಾರೂ ಹೀಗೆ ಕಾದಿರಲಿಲ್ಲ. ಮೇಜಿನ ಮೇಲೆ ನಿನ್ನೆ ಉಳಿದ ಕರಪತ್ರಗಳ ಕಟ್ಟು ಇತ್ತು. ಕಾರ್ಯದರ್ಶಿಗಳು ಅದನ್ನು ನೋಡಿದರು. ಜನರನ್ನು ನೋಡಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತ ಹೆಂಡತಿಯನ್ನು ಮಾತ್ರ ನೋಡಲಿಲ್ಲ.

"ನಮ್ಮ ಪಕ್ಷಕ್ಕೆ... ಒಂದೊಂದು ವೋಟು ಹಾಕಿದ್ರೆ..."

"ಆಯ್ತು!" ಎಂದರು ಹನ್ನೊಂದು ಜನ.

ಮುಂದಿನ ದಿನಗಳಲ್ಲಿ ಬಂದವರನ್ನು ಎಣಿಸಲು ಭಾವಮೈದುನ ಕಚೇರಿಗೆ ರಜೆ ಹಾಕಿ ಬಾಗಿಲಲ್ಲಿ ನಿಂತ. ಒಂದೊಂದು ಸಲಕ್ಕೆ ಆರಾರು ಮಂದಿಯನ್ನು ಒಳಗೆ ಬಿಟ್ಟ. ಜಿಲ್ಲಾಧ್ಯಕ್ಷರು ಫೋನು ಮಾಡಿ, "ನಿಮ್ಮ ಮನೆ ಮುಂದೆ ಜನ ಸಾಲು ನಿಂತಿದ್ದಾರಂತೆ! ಅದೇನು ಕ್ಷಮೆ ಕೇಳಿದ್ರಿ ಮಹರಾಯರೇ? ಹಾಗೇ ಮುಂದುವರಿಸಿ" ಎಂದರು. ಹೇಗೆ ಮುಂದುವರಿಸುವುದೆಂದು ತಿಳಿಯದೆ ಕಾರ್ಯದರ್ಶಿಗಳು ಕಿತ್ತಳೆ ಸುಲಿದರು.

ನಾಲ್ಕನೆಯ ದಿನ ಮಧ್ಯಾಹ್ನ ಗಡಿಯಾರ ರಿಪೇರಿಯವನು ಬಂದ.

ಇವರಿಬ್ಬರೂ ಒಂದೇ ಶಾಲೆ, ಒಂದೇ ಬೆಂಚು. ಪಕ್ಷದ ಬಾವುಟದ ಒಂದು ತುದಿ ಇವರು ಹಿಡಿದರೆ ಇನ್ನೊಂದು ತುದಿ ಅವನು ಹಿಡಿಯುತ್ತಿದ್ದ. ಬಸ್ ನಿಲ್ದಾಣದ ಮೂಲೆಯಲ್ಲಿ ಅವನದೊಂದು ಪೆಟ್ಟಿಗೆ ಅಂಗಡಿ ಇತ್ತು. ಬಸ್ಸಿಗೆ ಕಾಯುವವರೆಲ್ಲ ಅವನ ಗಿರಾಕಿಗಳು. ನಗರಸಭೆ ಪಕ್ಷದ ಕೈಯಲ್ಲಿದ್ದ ಕಾಲದಲ್ಲಿ ಆ ಅಂಗಡಿಗಳನ್ನೆಲ್ಲ ಕೆಡವಿ ಹೊಸ ಮಾರುಕಟ್ಟೆ ಕಟ್ಟಿದರು. ಹಳಬರಿಗೆಲ್ಲ ನೆಲಮಹಡಿಯಲ್ಲಿ ಜಾಗ ಎಂದು ಮಾತಾಗಿತ್ತು. ಪಟ್ಟಿ ಸಿದ್ಧವಾದ ದಿನ ಇವನ ಹೆಸರಿನ ಜಾಗದಲ್ಲಿ ಮೇಲಿನವರ ನೆಂಟರೊಬ್ಬರ ಹೆಸರು ಬಂತು. ಇವನಿಗೆ ಮೂರನೆಯ ಮಹಡಿಯ ಹಿಂಭಾಗ. ನಿಂತ ಗಡಿಯಾರ ಹಿಡಿದುಕೊಂಡು ಮೂರು ಮಹಡಿ ಯಾರು ಹತ್ತುತ್ತಾರೆ? ಪಕ್ಷದ ಸಭೆಯಲ್ಲಿ ಆ ಪಟ್ಟಿಗೆ ಒಪ್ಪಿಗೆಯ ಕೈ ಎತ್ತಿದ ಏಳು ಜನರಲ್ಲಿ ಕಾರ್ಯದರ್ಶಿಗಳೂ ಒಬ್ಬರು. ಎತ್ತುವಾಗ, ನಾಳೆ ಅವನಿಗೆ ಹೇಳಿಬಿಡೋಣ ಎಂದುಕೊಂಡಿದ್ದರು. ಆ ನಾಳೆಗೆ ಹನ್ನೊಂದು ವರ್ಷವಾಗಿತ್ತು.

ಅವನು ಬಂದು ಎದುರಿಗೆ ಕುಳಿತ. ತಲೆ ಪೂರ್ತಿ ಬೆಳ್ಳಗಾಗಿತ್ತು. ಮೆಟ್ಟಿಲು ಹತ್ತಿ ಇಳಿದು ಮೊಣಕಾಲು ಹೋಗಿ ಕುಂಟುತ್ತಿದ್ದ. ಸ್ವಲ್ಪ ಹೊತ್ತಿಗೆ ಕಾರ್ಯದರ್ಶಿಗಳ ಕೈ ಎಳೆದುಕೊಂಡು, ವಾಚು ಬಿಚ್ಚಿ, ಜೇಬಿನಿಂದ ಸಣ್ಣ ಇಕ್ಕಳ ತೆಗೆದು ಅದರ ಬೆನ್ನು ಬಿಡಿಸಿದ.

"ಎಂಟು ನಿಮಿಷ ಹಿಂದಿದೆ. ಯಾರಿಗೋ ತೋರಿಸಿದ್ದೀಯ, ಕೆಡಿಸಿಟ್ಟಿದ್ದಾರೆ."

"ಹೂಂ ಕಣೋ."

"ನನ್ನ ಹತ್ರ ತರಬಾರದಿತ್ತಾ? ನಾನೇನು ಕಚ್ಚಿಬಿಡ್ತಿದ್ನಾ?" ಗಾಳಿ ಊದಿ, ಮುಚ್ಚಿ, ತಾನೇ ಮತ್ತೆ ಕಟ್ಟಿದ. "ನಿನ್ನ ಮೇಲೆ ಬಹಳ ಸಿಟ್ಟಿತ್ತು. ಈಗ ಎಲ್ಲಾ ಬಿಟ್ಟೆ. ಹನ್ನೊಂದು ವರ್ಷದಿಂದ ನಾನು ವೋಟು ಹಾಕೋಕೇ ಹೋಗಿಲ್ಲ. ಈ ಸಲ ಹೋಗ್ತೀನಿ. ನಿಮ್ಮ ಪಕ್ಷಕ್ಕಲ್ಲ. ನಿನಗೆ."

ಒಂದು ಮಾತು ಸಾಕಾಗಿತ್ತು. ಕಾರ್ಯದರ್ಶಿಗಳ ಬಾಯಿಗೆ ಬಂದೂ ಇತ್ತು. ಆದರೆ ಅವನ ಕೈ ಇನ್ನೂ ತಮ್ಮ ಮಣಿಕಟ್ಟಿನ ಮೇಲಿತ್ತು. ಆ ಕೈ ತೆಗೆದ ಮೇಲೆ ಹೇಳೋಣ ಎಂದುಕೊಂಡರು. ಅವನು ಕೈ ತೆಗೆದ, ಎದ್ದ, ಹೋದ. ಅವನ ಬೆನ್ನ ಹಿಂದೆ ಹೆಂಡತಿ ನಡುಮನೆಗೆ ಬಂದು, "ಅವರಿಗಾದ್ರೂ ಹೇಳಬಹುದಿತ್ತು" ಎಂದಷ್ಟೇ ಹೇಳಿ ಕಿತ್ತಳೆ ಸಿಪ್ಪೆ ಗುಡಿಸಿದರು.

ಎಂಟನೆಯ ದಿನ ಮತದಾನ. ಒಂಬತ್ತನೆಯ ದಿನ ಎಣಿಕೆ. ನಲವತ್ತೊಂದು ಮತದ ವಾರ್ಡಿನಲ್ಲಿ ಪಕ್ಷಕ್ಕೆ ಎಂಟುನೂರ ಆರು ಮತ ಬಿದ್ದು, ಅಭ್ಯರ್ಥಿ ನೂರ ಹದಿನೆಂಟರ ಅಂತರದಲ್ಲಿ ಗೆದ್ದ. ಗೆಲ್ಲುತ್ತೇನೆಂದು ಊಹಿಸಿರದ ಅಭ್ಯರ್ಥಿ ಆ ದಿನ ಊರಲ್ಲೇ ಇರಲಿಲ್ಲ. ಅವನನ್ನು ಹುಡುಕಿಸಿ ಕರೆತಂದು, ವಿಜಯದ ಮೆರವಣಿಗೆಯನ್ನು ಮರುದಿನ ಕಾರ್ಯದರ್ಶಿಗಳ ಮನೆಗೇ ಹೊರಡಿಸುವುದೆಂದು ಜಿಲ್ಲಾಧ್ಯಕ್ಷರು ಗೊತ್ತುಮಾಡಿದರು.

ಮರುದಿನವೆಂದರೆ ಹತ್ತನೆಯ ದಿನ.

ಬೆಳಿಗ್ಗೆಯಿಂದ ಬೀದಿಯವರು ಮನೆಯ ಮುಂದೆ ದನಿ ತಗ್ಗಿಸಿ ನಿಂತಿದ್ದರು. ಓವರ್‌ಸಿಯರರು ತಮ್ಮ ಉಳಿದ ಗುಲಾಬಿಗಳನ್ನೆಲ್ಲ ಕತ್ತರಿಸಿ ಒಂದು ಗೊಂಚಲು ಕಟ್ಟಿ ಬೆನ್ನ ಹಿಂದೆ ಹಿಡಿದಿದ್ದರು. ಗಡಿಯಾರ ರಿಪೇರಿಯವನು ಎದುರುಮನೆಯ ಜಗುಲಿಯ ಮೇಲೆ ಕುಳಿತಿದ್ದ. ಹನ್ನೊಂದು ಗಂಟೆಗೆ ಡೋಲು ಬಾರಿಸಿಕೊಂಡು ಪಕ್ಷದವರು ಬಂದರು.

"ನಿಲ್ಸಿ! ನಿಲ್ಸಿ! ಮನುಷ್ಯತ್ವ ಇಲ್ವಾ ನಿಮಗೆ?" ಭಾವಮೈದುನ ಎರಡೂ ಕೈ ಅಗಲಿಸಿ ಅಡ್ಡ ನಿಂತ.

ಆ ಗದ್ದಲಕ್ಕೆ ಕಾರ್ಯದರ್ಶಿಗಳು ಒಳಗಿನಿಂದ ಬಂದರು. ತಿಂಡಿ ತಿಂದು ಕೈ ತೊಳೆದಿದ್ದರು. ಮೀಸೆಯ ಮೇಲೆ ಮೊಸರಿತ್ತು. ಅವರನ್ನು ಕಂಡು ಬೀದಿಯವರು ಗಾಬರಿಯಾದರು, ಪಕ್ಷದವರು ಜೈಕಾರ ಹಾಕಿದರು. ಜಿಲ್ಲಾಧ್ಯಕ್ಷರು ಮೆಟ್ಟಿಲೇರಿ, ಅವರ ಹೆಗಲ ಮೇಲೆ ಕೈ ಹಾಕಿ, ಭಾಷಣ ಶುರು ಮಾಡಿಯೇಬಿಟ್ಟರು.

"ಮತದಾರರ ಮನಸ್ಸು ಗೆಲ್ಲೋದು ಹೇಗೆ ಅಂತ ಇಡೀ ಪಕ್ಷ ಇವರಿಂದ ಕಲೀಬೇಕು! ಮಾಡಿದ್ದೇನು? ಬಾಗಿಲು ತಟ್ಟೋದು, ಕ್ಷಮೆ ಕೇಳೋದು, ತಲೆ ತಗ್ಗಿಸಿ ಒಂದರಿಂದ ಹತ್ತು ಎಣಿಸೋದು! ಅಷ್ಟೇ! ನಮ್ಮ ಮುಖ್ಯ ಕಚೇರಿಯವರು ಕಂಡುಹಿಡಿದ ವಿಧಾನ!"

ಚಪ್ಪಾಳೆ ಬೀಳಲಿಲ್ಲ. ಭಾವಮೈದುನ ನಿಧಾನವಾಗಿ ಕೈ ಇಳಿಸಿದ.

"ಹತ್ತು... ಎಣಿಸೋದಾ?"

"ಹೌದು! ಮನಸ್ಸಲ್ಲೇ!" ಎಂದರು ಅಧ್ಯಕ್ಷರು.

"ಭಾವ, ಹಾಗಾದ್ರೆ ಅವತ್ತು ನೀವು ಹತ್ತು ಅಂದಿದ್ದು..."

ಕಾರ್ಯದರ್ಶಿಗಳು ತಲೆ ತಗ್ಗಿಸಿದರು. ಈ ಸಲ ಎಣಿಸಲಿಲ್ಲ.

"ಮತ್ತೆ ನನ್ನ ಗುಲಾಬಿ ಗಿಡ?" ಎಂದರು ಓವರ್‌ಸಿಯರರು.

"ಅದು ನಾನಲ್ಲ."

"ಕತ್ತರಿ?" ಎಂದ ಟೈಲರು. ಅವನು ತಿರುಗಿ ತಮ್ಮನ ಮುಖ ನೋಡಿದ. ತಮ್ಮ ಆಕಾಶ ನೋಡಿದ.

ಆಮೇಲೆ ನಡೆದದ್ದನ್ನು ಜಗಳ ಎನ್ನಲಾಗದು, ಜಗಳಕ್ಕೂ ಒಂದು ಆತ್ಮೀಯತೆ ಬೇಕು. ಜನ ಒಬ್ಬೊಬ್ಬರಾಗಿ ಮನೆಗೆ ಹೋದರು. ಓವರ್‌ಸಿಯರರು ಗೊಂಚಲನ್ನು ಕೊಡಲೂ ಆಗದೆ ಬಿಸಾಡಲೂ ಆಗದೆ ವಾಪಸ್ಸು ತೆಗೆದುಕೊಂಡು ಹೋದರು, ಹಾಗೆಯೇ ತಮ್ಮ ಬೆಂಚನ್ನೂ. ಭಾವಮೈದುನ ಹೊರಡುವಾಗ, "ನಿಜವಾಗ್ಲೂ ಏನಾದ್ರೂ ಆದ್ರೆ ಹೇಳಿ ಕಳಿಸಬೇಡಿ ಭಾವ. ನಂಬೋಕಾಗಲ್ಲ," ಎಂದು ಅಕ್ಕನಿಗೆ ಮಾತ್ರ ಕೈ ಮಾಡಿ ಹೋದ. ಎದುರಿನ ಜಗುಲಿಯ ಮೇಲೆ ಯಾರೂ ಇರಲಿಲ್ಲ.

ಬೇರೆ ವಾರ್ಡಿನವರಿಗೆ ತರಬೇತಿ ಕೊಡಬೇಕೆಂದು ಮುಖ್ಯ ಕಚೇರಿಯಿಂದ ಪತ್ರ ಬಂತು. ಕಾರ್ಯದರ್ಶಿಗಳು ಅದಕ್ಕೆ ಉತ್ತರ ಬರೆಯಲಿಲ್ಲ. ಮೂರು ದಿನ ಮನೆಯಲ್ಲೇ ಇದ್ದು, ನಾಲ್ಕನೆಯ ದಿನ ಬೆಳಿಗ್ಗೆ ಮಾರುಕಟ್ಟೆಗೆ ಹೋದರು. ಆ ಕಟ್ಟಡದ ಉದ್ಘಾಟನೆಗೆ ಆಹ್ವಾನ ಪತ್ರಿಕೆ ಹಂಚಿದವರು ಅವರೇ. ಆದರೂ ಮೊದಲ ಮಹಡಿಯಿಂದ ಮೇಲೆ ಯಾವತ್ತೂ ಹತ್ತಿರಲಿಲ್ಲ. ಮೆಟ್ಟಿಲು ಎಪ್ಪತ್ತೆರಡಿದ್ದವು. ಎರಡನೆಯ ಮಹಡಿಯಲ್ಲಿ ದೀಪವಿರಲಿಲ್ಲ. ಮೂರನೆಯದರಲ್ಲಿ ಎಲ್ಲ ಅಂಗಡಿಗೂ ಬೀಗ ಬಿದ್ದಿದ್ದು, ಕೊನೆಯಲ್ಲಿ ಒಂದು ಮಾತ್ರ ತೆರೆದಿತ್ತು.

ಅವನು ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ಬಗ್ಗಿ ಕುಳಿತಿದ್ದ. ತಲೆ ಎತ್ತಲಿಲ್ಲ.

"ನೀನು ಬದುಕಿರೋದು ಸಂತೋಷ. ಅದನ್ನ ಮೊದಲು ಹೇಳಿಬಿಡ್ತೀನಿ."

"ಪಟ್ಟಿಗೆ ಕೈ ಎತ್ತಿದವರಲ್ಲಿ ನಾನೂ ಒಬ್ಬ ಕಣೋ," ಎಂದರು ಕಾರ್ಯದರ್ಶಿಗಳು. ಏದುಸಿರಿನಲ್ಲಿ ಮಾತು ತುಂಡು ತುಂಡಾಗಿ ಬಂತು. "ನಿನ್ನ ಜಾಗ ಯಾರಿಗೆ ಹೋಯ್ತು ಅಂತ ಗೊತ್ತಿತ್ತು. ಗೊತ್ತಿದ್ದೇ ಎತ್ತಿದೆ. ನನ್ನ ಪದವಿ ಹೋಗುತ್ತೆ ಅಂತ ಹೆದರಿದ್ದೆ."

"ನನಗೆ ಆ ವಾರವೇ ಗೊತ್ತಾಯ್ತು. ಸಭೇಲಿ ಚಹಾ ಕೊಟ್ಟವನೇ ಹೇಳಿದ. ನೀನು ಬಂದು ಹೇಳ್ತೀಯ ಅಂತ ಮೊದಲ ವರ್ಷ ಕಾದೆ. ಎರಡು ಕುರ್ಚಿ ಇಟ್ಕೊಂಡಿದ್ದೆ ಇಲ್ಲಿ." ಅವನು ಗಾಜು ತೆಗೆದು ಕಣ್ಣುಜ್ಜಿಕೊಂಡ. ಅಂಗಡಿಯಲ್ಲಿ ಈಗ ಒಂದೇ ಕುರ್ಚಿ ಇತ್ತು. "ಮೊನ್ನೆ ನಿನ್ನ ಮನೇಲಿ ನಿನ್ನ ಕೈ ಹಿಡ್ಕೊಂಡು ಕೂತಿದ್ನಲ್ಲ, ಆಗ ಇಷ್ಟು ಹೇಳಿದ್ರೆ ಸಾಕಾಗಿತ್ತು ನೋಡು. ಸಾಯದೇ ಇದ್ರೂ ಕ್ಷಮಿಸ್ತಿದ್ದೆ."

"ಈಗ?"

"ಈಗ ನನಗೆ ಕೆಲಸ ಇದೆ," ಎಂದು ಅವನು ಗಾಜನ್ನು ಮತ್ತೆ ಸಿಕ್ಕಿಸಿಕೊಂಡ.

ಅವನ ಮುಂದಿದ್ದದ್ದು ಒಂದೇ ಒಂದು ಗಡಿಯಾರ, ಅದೂ ಅವನದೇ ಅಂಗಡಿಯ ಗೋಡೆಯಿಂದ ಇಳಿಸಿದ್ದು.

ಕಾರ್ಯದರ್ಶಿಗಳು ಎಪ್ಪತ್ತೆರಡು ಮೆಟ್ಟಿಲು ಇಳಿದು ಬಂದರು. ಕೆಳಗೆ ಬಾಗಿಲ ಹತ್ತಿರ ಒಬ್ಬ ಹೆಂಗಸು ಟವೆಲಿನಲ್ಲಿ ಸುತ್ತಿದ ಗೋಡೆ ಗಡಿಯಾರವನ್ನು ಎದೆಗವಚಿಕೊಂಡು, ನೆಲಮಹಡಿಯ ಪಾತ್ರೆ ಅಂಗಡಿಯವನನ್ನು ಏನೋ ಕೇಳುತ್ತಿದ್ದರು. ಅವನು ಬೆರಳಿನಿಂದ ಮೇಲೆ ತೋರಿಸಿದ.

"ಮೂರನೇ ಮಹಡೀನಾ? ಅಯ್ಯೋ, ನನ್ನ ಕೈಲಾಗಲ್ಲ," ಎಂದು ಆಕೆ ಹೊರಟರು.

ಕಾರ್ಯದರ್ಶಿಗಳು ಓಡಿಹೋಗಿ ಅಡ್ಡ ನಿಂತರು. "ಕೊಡಿ ತಾಯಿ, ನಾನು ಹತ್ತಿ ಕೊಟ್ಟು ಬರ್ತೀನಿ. ಒಳ್ಳೆ ಕೆಲಸಗಾರ. ಸಂಜೆಗೆ ನಾನೇ ನಿಮ್ಮನೆಗೆ ತಂದು ಮುಟ್ಟಿಸ್ತೀನಿ."

ಆಕೆಯ ಮುಖ ಮೊದಲು ಅರಳಿತು. ಗಡಿಯಾರವನ್ನು ಅರ್ಧ ಮುಂದೆ ಚಾಚಿಯೂಬಿಟ್ಟರು. ಆಮೇಲೆ ಕಣ್ಣು ಕಿರಿದು ಮಾಡಿ ಅವರನ್ನೇ ದಿಟ್ಟಿಸಿದರು.

"ನೀವು ಆ ಸಾಯ್ತೀನಿ ಅಂದವರಲ್ವಾ?"

ಕಾರ್ಯದರ್ಶಿಗಳ ಚಾಚಿದ ಕೈ ಅಲ್ಲೇ ನಿಂತಿತು. ಆಕೆ ಗಡಿಯಾರವನ್ನು ಇನ್ನಷ್ಟು ಬಿಗಿಯಾಗಿ ಅವಚಿಕೊಂಡು, ಒಂದು ಸಲ ಹಿಂತಿರುಗಿ ನೋಡಿ, ಬೇಗ ಬೇಗ ನಡೆದು ಹೋದರು.